ಇಂಗ್ಲೆಂಡಿನ ಕ್ಯಾಚ್-ಅಪ್ ಹಣ: ನಮ್ಮ ಇಬ್ಬರು ಮಕ್ಕಳಿಗೆ ಸಿಕ್ಕಿದ್ದೇನು, ಸಿಗದೆ ಹೋಗಿದ್ದೇನು

ನಮ್ಮ ಮಗಳು 2018ರ ಜುಲೈನಲ್ಲಿ ಪ್ರೈಮರಿ ಮುಗಿಸಿದಳು. ಕೊನೆಯ ವಾರ ಸ್ಕೂಲಿನಿಂದ ಒಂದು ಕವರ್ ಬಂತು. ಒಳಗೆ ಸ್ಯಾಟ್ಸ್ ಪರೀಕ್ಷೆಯ ಫಲಿತಾಂಶ, ಅಂದರೆ ಪ್ರೈಮರಿಯ ಕೊನೆಯ ತರಗತಿಯಾದ ಇಯರ್ 6ರಲ್ಲಿ ದೇಶದಾದ್ಯಂತ ನಡೆಯುವ ಪರೀಕ್ಷೆ. ಓದುವುದರಲ್ಲಿ 94, ಗಣಿತದಲ್ಲಿ 98. ನೂರಕ್ಕೆ 94 ಅಂದುಕೊಂಡು ನನಗೆ ಸಂತೋಷವೋ ಸಂತೋಷ, ಅವಳ ಅಪ್ಪನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಆದರೆ ಮಗಳ ಮುಖ ಬಾಡಿತ್ತು. "ಅಮ್ಮ, ಅದು ಪಾಸಲ್ಲ" ಅಂದಳು.

ಇಲ್ಲಿಗೆ ಹೊಸದಾಗಿ ಬಂದ ನಮ್ಮವರಲ್ಲಿ ಸುಮಾರು ಜನ ಇದೇ ತಪ್ಪು ಮಾಡುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಸ್ಯಾಟ್ಸ್‌ನಲ್ಲಿ ಮಕ್ಕಳು ತೆಗೆದ ಅಂಕವನ್ನು 80ರಿಂದ 120ರವರೆಗಿನ ಒಂದು ಅಳತೆಗೆ ಬದಲಾಯಿಸಿ ಕೊಡುತ್ತಾರೆ. 100 ಬಂದರೆ ಆ ವಯಸ್ಸಿಗೆ ಇರಬೇಕಾದ ಮಟ್ಟ ಮುಟ್ಟಿದ ಹಾಗೆ. ಆ ವರ್ಷ ಓದುವ ಪತ್ರಿಕೆಯಲ್ಲಿ 50ಕ್ಕೆ 28 ತೆಗೆದವರಿಗೆ 100 ಸಿಕ್ಕಿತ್ತು. ದೇಶದಲ್ಲಿ ಸುಮಾರು ಕಾಲು ಭಾಗ ಮಕ್ಕಳು ಓದಿನಲ್ಲಿ ಆ ಗೆರೆ ಮುಟ್ಟಿರಲಿಲ್ಲ. ಅಂದರೆ ನಾಲ್ಕು ಮಕ್ಕಳಲ್ಲಿ ಒಬ್ಬರು, 11 ವರ್ಷಕ್ಕೆ, ಸೆಕೆಂಡರಿ ಸ್ಕೂಲಿನ ದಪ್ಪ ಪಠ್ಯಗಳನ್ನು ಓದಲು ತಯಾರಿಲ್ಲದೆ ಒಳಗೆ ಕಾಲಿಡುತ್ತಾರೆ. ನಮ್ಮ ಮಗಳು ಅವರಲ್ಲೊಬ್ಬಳು.

ಇಂಥ ಮಕ್ಕಳಿಗೆಂದೇ ಆಗ ಸರ್ಕಾರದ ಒಂದು ಹಣ ಇತ್ತು. ಇಯರ್ 7 ಕ್ಯಾಚ್-ಅಪ್ ಪ್ರೀಮಿಯಂ ಅಂತ ಅದರ ಹೆಸರು. ಇಯರ್ 7 ಅಂದರೆ ಸೆಕೆಂಡರಿಯ ಮೊದಲ ತರಗತಿ, ಕ್ಯಾಚ್-ಅಪ್ ಅಂದರೆ ಹಿಂದೆ ಉಳಿದದ್ದನ್ನು ತುಂಬಿಸಿಕೊಳ್ಳುವುದು. 2012ರಲ್ಲಿ, ನಿಕ್ ಕ್ಲೆಗ್ ಉಪಪ್ರಧಾನಿ ಆಗಿದ್ದಾಗ ಶುರುವಾಯಿತು. ಓದು ಅಥವಾ ಗಣಿತದಲ್ಲಿ ಹಿಂದೆ ಉಳಿದು ಸೆಕೆಂಡರಿಗೆ ಬಂದ ಪ್ರತಿ ಮಗುವಿನ ಲೆಕ್ಕಕ್ಕೆ ಸ್ಕೂಲಿಗೆ 500 ಪೌಂಡ್. ಮಗುವಿನ ಮನೆಯಲ್ಲಿ ಬಡತನ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ, ಕಲಿಕೆಯಲ್ಲಿ ಹಿಂದಿದೆಯೋ ಇಲ್ಲವೋ, ಅಷ್ಟೇ. ನನಗೆ ಈ ಯೋಜನೆ ಇಷ್ಟವಾಗಿದ್ದು ಇದಕ್ಕೇ.

ಆ ಹಣವನ್ನು ಮಗಳ ಸ್ಕೂಲಿನವರು ಎರಡು ರೀತಿ ಬಳಸಿದರು. ಒಂದು ತುಂಬಾ ಚೆನ್ನಾಗಿತ್ತು, ಇನ್ನೊಂದು ಏನೂ ಪ್ರಯೋಜನ ಇರಲಿಲ್ಲ.

ಚೆನ್ನಾಗಿದ್ದದ್ದು ಓದಿನದು. ಸೆಪ್ಟೆಂಬರ್‌ನಲ್ಲಿ ಸೇರಿದ ಎರಡನೇ ವಾರವೇ ಒಂದು ಓದಿನ ಪರೀಕ್ಷೆ ಮಾಡಿದರು. ಮಗಳಿಗೆ 11 ವರ್ಷ, ಓದುವ ವಯಸ್ಸು ಎಂಟೂವರೆ ಅಂತ ಬಂತು, ಅಂದರೆ ಅವಳ ಓದು ಎಂಟೂವರೆ ವರ್ಷದ ಮಗುವಿನ ಮಟ್ಟದಲ್ಲಿತ್ತು. ಆಮೇಲೆ ಹತ್ತು ವಾರ, ದಿನಕ್ಕೆ 20 ನಿಮಿಷ, ಒಬ್ಬ ಟೀಚಿಂಗ್ ಅಸಿಸ್ಟೆಂಟ್ ಜೊತೆ ಅವಳೊಬ್ಬಳೇ. ನಿನ್ನೆ ಓದಿದ ಪುಸ್ತಕ ಇವತ್ತು ಇನ್ನೊಂದು ಸಲ ಓದುವುದು, ಆಮೇಲೆ ಸ್ವಲ್ಪ ಕಷ್ಟದ ಹೊಸ ಪುಸ್ತಕ, ಕೊನೆಗೆ ಅದರ ಬಗ್ಗೆ ಒಂದೆರಡು ವಾಕ್ಯ ಬರೆಯುವುದು. ಇವಳು ಓದುತ್ತಿದ್ದರೆ ಆಕೆ ಪಕ್ಕದಲ್ಲಿ ಕೂತು ಎಲ್ಲಿ ತಡವರಿಸಿದಳು, ಯಾವ ಪದ ಬಿಟ್ಟಳು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು.

ನಾಲ್ಕನೇ ದಿನಕ್ಕೇ ಆಕೆ ಒಂದು ವಿಷಯ ಕಂಡುಹಿಡಿದರು, ನಾನೂ ಗಮನಿಸಿರಲಿಲ್ಲ, ಪ್ರೈಮರಿಯಲ್ಲಿ ಯಾರೂ ಗಮನಿಸಿರಲಿಲ್ಲ. ಮಗಳು ಜೋರಾಗಿ, ಸರಾಗವಾಗಿ ಓದುತ್ತಾಳೆ, ಕೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಅರ್ಥ ಗೊತ್ತಿಲ್ಲದ ಪದ ಬಂದರೆ ಅದನ್ನು ಉಚ್ಚರಿಸಿ ಹಾಗೇ ಮುಂದೆ ಹೋಗುತ್ತಾಳೆ, ನಿಲ್ಲುವುದಿಲ್ಲ. ಒಂದು ಪುಟದಲ್ಲಿ ಹೀಗೆ ಆರೇಳು ಪದ ಹಾರಿಸಿದರೆ ಕಥೆಯೇ ಕೈತಪ್ಪಿ ಹೋಗುತ್ತದೆ ಅಲ್ವಾ? ಮನೆಯಲ್ಲಿ ಕನ್ನಡ ಮಾತಾಡುವ ಮಗು, ಆಟದ ಇಂಗ್ಲಿಷ್ ಎಲ್ಲ ಬರುತ್ತದೆ, ಪುಸ್ತಕದ ಇಂಗ್ಲಿಷ್ ಬರುವುದಿಲ್ಲ, ಮಾತು ಚೆನ್ನಾಗಿರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆಕೆ ಮಾಡಿದ್ದು ಇಷ್ಟೇ. ಗೊತ್ತಿಲ್ಲದ ಪದ ಬಂದಾಗ ಮೇಜಿನ ಮೇಲೆ ಒಂದು ಸಲ ಬೆರಳು ತಟ್ಟಬೇಕು ಅಂತ ಹೇಳಿಕೊಟ್ಟರು. ತಟ್ಟಿದ ತಕ್ಷಣ ಇಬ್ಬರೂ ನಿಂತು ಆ ಪದ ನೋಡುವುದು. ಮೊದಲ ವಾರ ತಟ್ಟಿದ್ದೇ ತಟ್ಟಿದ್ದು ಅಂತೆ. ಕ್ರಿಸ್ಮಸ್ ರಜೆಯಲ್ಲಿ ಮನೆಯಲ್ಲಿ ಒಬ್ಬಳೇ ಸೋಫಾದಲ್ಲಿ ಓದುತ್ತಾ ಕೂತಾಗಲೂ ಮಗಳು ಸೋಫಾದ ತೋಳಿನ ಮೇಲೆ ಟಕ್ ಅಂತ ತಟ್ಟುತ್ತಿದ್ದಳು, ಆಮೇಲೆ ಬಂದು "ಅಮ್ಮ, ಇದಕ್ಕೆ ಏನು ಅರ್ಥ?" ಅಂತ ಕೇಳುತ್ತಿದ್ದಳು. ಜನವರಿಯಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಓದುವ ವಯಸ್ಸು ಹತ್ತು ದಾಟಿತ್ತು.

ಇದೇ ಮಾದರಿಯ ಒಂದು ಕಾರ್ಯಕ್ರಮವನ್ನು, ಸ್ವಿಚ್-ಆನ್ ರೀಡಿಂಗ್ ಅಂತ, ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್‌ನವರು (ಯಾವ ಕಲಿಕೆಯ ವಿಧಾನ ಕೆಲಸ ಮಾಡುತ್ತದೆ ಅಂತ ಪರೀಕ್ಷಿಸಿ ನೋಡುವ ಸಂಸ್ಥೆ) ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಇಯರ್ 7 ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದ್ದರು. ಸರಾಸರಿ ಮೂರು ತಿಂಗಳಷ್ಟು ಹೆಚ್ಚಿನ ಪ್ರಗತಿ ಕಂಡಿತ್ತು. ಆಮೇಲೆ ಚಿಕ್ಕ ಮಕ್ಕಳ ಮೇಲೆ ಪ್ರೈಮರಿಗಳಲ್ಲಿ ದೊಡ್ಡದಾಗಿ ಮಾಡಿದಾಗ ಅಂಥ ಲಾಭ ಕಾಣಲಿಲ್ಲ. ಹಾಗಾಗಿ ಹೆಸರು ನೋಡಿ ನಂಬಬೇಡಿ. ನಮಗೆ ಕೆಲಸ ಮಾಡಿದ್ದು ಆ ಟೀಚಿಂಗ್ ಅಸಿಸ್ಟೆಂಟ್‌ರ ಕಿವಿ.

ಇನ್ನು ಗಣಿತ. ಇದನ್ನು ಬರೆಯುವಾಗ ಈಗಲೂ ಬೇಜಾರಾಗುತ್ತದೆ. ವಾರಕ್ಕೆ ಎರಡು ಸಲ ಕಂಪ್ಯೂಟರ್ ರೂಮು, ಹದಿನೈದು ಮಕ್ಕಳು, ಒಬ್ಬರು ನೋಡಿಕೊಳ್ಳುವವರು, ಎಲ್ಲರ ಕಿವಿಗೂ ಹೆಡ್‌ಫೋನ್, ಒಂದು ಸಾಫ್ಟ್‌ವೇರ್. ತಪ್ಪಾದರೆ ಕೆಂಪು, ಸರಿಯಾದರೆ ಹಸಿರು. ಯಾಕೆ ತಪ್ಪು ಅಂತ ಅದು ಹೇಳುವುದಿಲ್ಲ. ಮಗಳಿಗೆ ತೊಂದರೆ ಇದ್ದದ್ದು ಭಿನ್ನರಾಶಿಯಲ್ಲಿ. ಮೂರರಲ್ಲಿ ಒಂದು ದೊಡ್ಡದೋ ನಾಲ್ಕರಲ್ಲಿ ಒಂದು ದೊಡ್ಡದೋ ಅಂದರೆ ನಾಲ್ಕು ದೊಡ್ಡ ಸಂಖ್ಯೆ ಅಲ್ವಾ ಅನ್ನುತ್ತಿದ್ದಳು. ಯಾರಾದರೂ ಪಕ್ಕದಲ್ಲಿ ಕೂತು ಎರಡು ಕಾಗದದ ಪಟ್ಟಿ ಮಡಚಿ ತೋರಿಸಿದ್ದರೆ ಹತ್ತು ನಿಮಿಷದ ಕೆಲಸ. ಆ ಸಾಫ್ಟ್‌ವೇರ್‌ನಲ್ಲಿ ಅವಳು ಆರು ವಾರ ಊಹೆ ಮಾಡಿ ಬಟನ್ ಒತ್ತುವುದನ್ನು ಕಲಿತಳು. ನಾಲ್ಕು ಉತ್ತರಗಳಲ್ಲಿ ಒಂದು ಹೇಗೂ ಸರಿ ಇರುತ್ತದಲ್ಲ.

ಅದಕ್ಕಿಂತ ನೋವಾಗಿದ್ದು ಇನ್ನೊಂದು. ಈ ಗಣಿತದ ಗುಂಪನ್ನು ಫ್ರೆಂಚ್ ಪೀರಿಯಡ್‌ನಲ್ಲಿ ಇಟ್ಟಿದ್ದರು. ಓದಿನಲ್ಲಿ ಹಿಂದಿರುವ ಮಗುವಿಗೆ ಫ್ರೆಂಚ್ ಯಾಕೆ ಅನ್ನುವ ಯೋಚನೆ ಇರಬೇಕು. ಆದರೆ ಎರಡು ಭಾಷೆ ಆಡುತ್ತಾ ಬೆಳೆದ ಮಗು, ಫ್ರೆಂಚ್‌ನಲ್ಲಿ ಎಲ್ಲರ ಜೊತೆ ಮೊದಲ ಸಲ ಒಂದೇ ಗೆರೆಯಲ್ಲಿ ನಿಂತಿದ್ದಳು! ಅಲ್ಲಿ ಯಾರಿಗೂ ಏನೂ ಬರುತ್ತಿರಲಿಲ್ಲ, ಅವಳೇ ಬೇಗ ಹಿಡಿಯುತ್ತಿದ್ದಳು. ಅದನ್ನೇ ಕಿತ್ತುಕೊಂಡರು. ನಮಗೆ ಹೇಳಿಯೂ ಇರಲಿಲ್ಲ, ನವೆಂಬರ್‌ನ ಪೇರೆಂಟ್ಸ್ ಈವ್ನಿಂಗ್‌ನಲ್ಲಿ ಫ್ರೆಂಚ್ ಟೀಚರ್ "ಇವಳು ಕ್ಲಾಸಿಗೇ ಬರುತ್ತಿಲ್ಲ" ಅಂದಾಗಲೇ ಗೊತ್ತಾಗಿದ್ದು.

ಅವತ್ತು ರಾತ್ರಿ ನಾನು ಸ್ಕೂಲಿನ ವೆಬ್‌ಸೈಟ್ ಪೂರ್ತಿ ಹುಡುಕಿದೆ. ಈ ಹಣ ಪಡೆದ ಸ್ಕೂಲುಗಳು ಎಷ್ಟು ಬಂತು, ಹೇಗೆ ಖರ್ಚು ಮಾಡಿದೆವು, ಅದರಿಂದ ಮಕ್ಕಳಿಗೆ ಏನು ಉಪಯೋಗವಾಯಿತು ಅಂತ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕಿತ್ತು. ಹಾಕಿದ್ದರು. ಎರಡೇ ಪುಟ. ಹೆಚ್ಚು ಭಾಗ ಟೀಚಿಂಗ್ ಅಸಿಸ್ಟೆಂಟ್ ಸಂಬಳ, ಒಂದು ಪಾಲು ಆ ಸಾಫ್ಟ್‌ವೇರ್‌ನ ಲೈಸೆನ್ಸ್, ಸ್ವಲ್ಪ ಪುಸ್ತಕ. ಉಪಯೋಗ ಅನ್ನುವ ಕಡೆ ಓದಿಗೆ ಅಂಕಿಗಳಿದ್ದವು, ಗಣಿತಕ್ಕೆ "ಮಕ್ಕಳ ಆತ್ಮವಿಶ್ವಾಸ ಹೆಚ್ಚಿದೆ" ಅನ್ನುವ ಒಂದು ಸಾಲು.

ಇಮೇಲ್ ಬರೆದೆ, ಕರೆದು ಮಾತಾಡಿದರು. ನನ್ನ ಮಗಳ 500 ಪೌಂಡ್ ಎಲ್ಲಿ ಹೋಯಿತು ಅಂತ ಕೇಳುವ ತಯಾರಿಯಲ್ಲಿ ಹೋಗಿದ್ದೆ. ಅಲ್ಲಿ ಗೊತ್ತಾದ ವಿಷಯ ಏನೆಂದರೆ, 2016ರಲ್ಲಿ ಸ್ಯಾಟ್ಸ್ ಬದಲಾದ ಮೇಲೆ ಸರ್ಕಾರ ಹಿಂದುಳಿದ ಮಕ್ಕಳನ್ನು ಹೊಸದಾಗಿ ಎಣಿಸುವುದನ್ನೇ ಬಿಟ್ಟಿತ್ತು. 2015-16ರಲ್ಲಿ ಆ ಸ್ಕೂಲಿಗೆ ಎಷ್ಟು ಬಂದಿತ್ತೋ ಅಷ್ಟೇ ಹಣ, ಇಯರ್ 7ರ ಮಕ್ಕಳ ಸಂಖ್ಯೆ ಏರಿಳಿದರೆ ಅದಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ. ಹೊಸ ಪರೀಕ್ಷೆ ಮೊದಲಿಗಿಂತ ಕಠಿಣ, ಅದರ ಮೊದಲ ವರ್ಷ ಓದು, ಬರಹ, ಗಣಿತ ಮೂರರಲ್ಲೂ ಗೆರೆ ದಾಟಿದವರು 53% ಮಾತ್ರ. ಹಿಂದುಳಿದವರ ಪಟ್ಟಿ ಉದ್ದವಾಯಿತು, ಹಣ ಅಷ್ಟೇ ಉಳಿಯಿತು. ಅಂದರೆ ತಲೆಗೆ 500 ಅನ್ನುವುದು ಆ ಹೊತ್ತಿಗೆ ಹೆಸರಿಗೆ ಮಾತ್ರ. ಇದು ನನಗೆ ನ್ಯಾಯ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೂ ಸ್ಕೂಲಿನವರು ನನ್ನ ಮಾತು ಕೇಳಿಸಿಕೊಂಡರು ಅನ್ನುವುದನ್ನು ಹೇಳಲೇಬೇಕು. ಜನವರಿಯಿಂದ ಗಣಿತವನ್ನು ಬೆಳಗಿನ ಟ್ಯೂಟರ್ ಟೈಮ್‌ಗೆ ಹಾಕಿದರು, ಹಾಜರಿ ಆದಮೇಲೆ 20 ನಿಮಿಷ, ಐದು ಮಕ್ಕಳು, ಒಬ್ಬ ಗಣಿತದ ಟೀಚರ್. ಫ್ರೆಂಚ್ ವಾಪಸ್ ಸಿಕ್ಕಿತು. ಆದರೆ ಒಂದು ಟರ್ಮ್ ಪಾಠ ತಪ್ಪಿತ್ತು, ಮೊದಲಿನ ಹುರುಪು ಇರಲಿಲ್ಲ, ಜಿಸಿಎಸ್‌ಇಗೆ (ಇಲ್ಲಿ 16ನೇ ವಯಸ್ಸಿಗೆ ಬರೆಯುವ ಪರೀಕ್ಷೆ) ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

2019-20ರ ನಂತರ ಈ ಪ್ರೀಮಿಯಂ ನಿಂತೇ ಹೋಯಿತು. ಹಿಂದುಳಿದ ಮಕ್ಕಳ ಲೆಕ್ಕ ಸ್ಕೂಲಿನ ಒಟ್ಟು ಅನುದಾನದ ಸೂತ್ರದಲ್ಲಿ ಬೇರೆ ಇದ್ದೇ ಇದೆ, ಪ್ರತ್ಯೇಕ ಬೇಡ ಅನ್ನುವುದು ಸರ್ಕಾರದ ವಾದ. ಸೂತ್ರದಲ್ಲಿ ಇರುವುದು ನಿಜ. ಆದರೆ ಒಂದೇ ಡಬ್ಬಿಗೆ ಬಿದ್ದ ದುಡ್ಡಿನಲ್ಲಿ ಕರೆಂಟ್ ಬಿಲ್ ಯಾವುದು, ನನ್ನ ಮಗುವಿನ ಓದು ಯಾವುದು ಅಂತ ಅಮ್ಮ ಅಪ್ಪ ಕೇಳುವುದು ಹೇಗೆ? ಹಿಂದೆ ಆ ಎರಡು ಪುಟ ಇತ್ತು, ಅದನ್ನು ಹಿಡಿದುಕೊಂಡು ಹೋಗಿದ್ದಕ್ಕೇ ಫ್ರೆಂಚ್ ವಾಪಸ್ ಬಂದಿದ್ದು.

ಈಗ ಮಗನ ಕಥೆ. ಮೊದಲ ಲಾಕ್‌ಡೌನ್‌ಗೆ ಸ್ಕೂಲು ಮುಚ್ಚಿದಾಗ, 2020ರ ಮಾರ್ಚ್‌ನಲ್ಲಿ, ಅವನು ಇಯರ್ 5. 2021ರ ಜನವರಿಯಲ್ಲಿ ಮತ್ತೆ ಮುಚ್ಚಿದಾಗ ಇಯರ್ 6. ಆ ವರ್ಷ ಸ್ಯಾಟ್ಸ್ ರದ್ದು. ಅಕ್ಕನಿಗೆ 94 ಅಂತ ಒಂದು ಅಂಕಿಯಾದರೂ ಇತ್ತು, ಇವನು ಸೆಕೆಂಡರಿಗೆ ಹೋಗುವಾಗ ಕೈಯಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಸರ್ಕಾರ ಬೇರೆ ಕ್ಯಾಚ್-ಅಪ್ ಘೋಷಿಸಿತ್ತು. 2020ರ ಜೂನ್‌ನಲ್ಲಿ ನೂರು ಕೋಟಿ ಪೌಂಡ್: 65 ಕೋಟಿ ಎಲ್ಲ ಸ್ಕೂಲುಗಳಿಗೆ, ಮಗುವಿಗೆ 80 ಪೌಂಡ್ ಲೆಕ್ಕದಲ್ಲಿ, 35 ಕೋಟಿ ನ್ಯಾಷನಲ್ ಟ್ಯೂಟರಿಂಗ್ ಪ್ರೋಗ್ರಾಂಗೆ. 80 ಪೌಂಡ್ ಅನ್ನುವುದು ಎಲ್ಲ ಮಕ್ಕಳಿಗೂ ಸಮ, ಹಿಂದಿದ್ದವರಿಗೂ ಮುಂದಿದ್ದವರಿಗೂ. ಅದರಿಂದ ನಮಗೆ ಕಂಡ ಬದಲಾವಣೆ ಏನೂ ಇಲ್ಲ, ಅದನ್ನು ಬಿಡುತ್ತೇನೆ. ಟ್ಯೂಟರಿಂಗ್ ಬಗ್ಗೆ ಮಾತ್ರ ಹೇಳುವುದಿದೆ.

ಮಗನಿಗೆ ಸಿಕ್ಕಿದ್ದು ಎರಡು ಸಲ. ಮೊದಲನೆಯದು ಇಯರ್ 7ರಲ್ಲಿ, ಹೊರಗಿನ ಒಂದು ಕಂಪನಿಯ ಆನ್‌ಲೈನ್ ಟ್ಯೂಷನ್, ಒಟ್ಟು 15 ಗಂಟೆ. ಆ 15 ಗಂಟೆಯಲ್ಲಿ ಮೂರು ಟ್ಯೂಟರ್ ಬದಲಾದರು. ಮೂವರೂ ಒಳ್ಳೆಯವರೇ, ಪಾಪ, ಆದರೆ ಪ್ರತಿಯೊಬ್ಬರೂ ಮೊದಲಿನಿಂದ "ನಿನಗೆ ಏನು ಕಷ್ಟ?" ಅಂತ ಕೇಳುತ್ತಿದ್ದರು. ಹನ್ನೊಂದು ವರ್ಷದ ಹುಡುಗನಿಗೆ ತನಗೆ ಏನು ಗೊತ್ತಿಲ್ಲ ಅನ್ನುವುದು ಹೇಗೆ ಗೊತ್ತಾಗಬೇಕು? ಕ್ಲಾಸಿನಲ್ಲಿ ಬೀಜಗಣಿತ ನಡೆಯುತ್ತಿದ್ದರೆ ಇಲ್ಲಿ ಅನುಪಾತ. ಕ್ಲಾಸ್ ಟೀಚರ್‌ಗೆ ಇವನು ಟ್ಯೂಷನ್ನಿನಲ್ಲಿ ಏನು ಮಾಡುತ್ತಿದ್ದಾನೆ ಗೊತ್ತಿಲ್ಲ, ಟ್ಯೂಟರ್‌ಗೆ ಕ್ಲಾಸಿನದು ಗೊತ್ತಿಲ್ಲ. ಮಧ್ಯೆ ಎರಡು ಸಲ ಇಂಟರ್ನೆಟ್ ಹೋಯಿತು, ಆ ಗಂಟೆಗಳೂ ಲೆಕ್ಕಕ್ಕೆ ಸೇರಿದವು.

ಎರಡನೆಯದು ಇಯರ್ 8ರಲ್ಲಿ, ಅಂದರೆ 2022-23. ಅಷ್ಟು ಹೊತ್ತಿಗೆ ನಿಯಮ ಬದಲಾಗಿ ಟ್ಯೂಟರಿಂಗ್ ಹಣ ನೇರವಾಗಿ ಸ್ಕೂಲಿನ ಕೈಗೆ ಬರುತ್ತಿತ್ತು. ನಮ್ಮ ಸ್ಕೂಲಿನವರು ಒಂದು ಒಳ್ಳೆ ಕೆಲಸ ಮಾಡಿದರು. ಅಲ್ಲೇ ಪಾಠ ಮಾಡಿ ನಿವೃತ್ತರಾಗಿದ್ದ ಒಬ್ಬ ಗಣಿತದ ಮೇಷ್ಟ್ರನ್ನು ವಾರಕ್ಕೆ ಎರಡು ದಿನ ಕರೆಸಿದರು. ಬುಧವಾರ ಊಟದ ಬಿಡುವಿನಲ್ಲಿ ಮೂರು ಹುಡುಗರು, ಒಂದು ಸಣ್ಣ ಬಿಳಿ ಹಲಗೆ. ಮೊದಲ ದಿನ ಅವರು ಪಾಠವನ್ನೇ ಮಾಡಲಿಲ್ಲವಂತೆ. ಮೂವರ ನೋಟ್‌ಬುಕ್ ತೆಗೆಸಿ, ಹಳೆಯ ತಪ್ಪುಗಳನ್ನೆಲ್ಲ ಓದುತ್ತಾ ಕೂತರು. ಆಮೇಲೆ ಮಗನಿಗೆ, "ನಿನಗೆ ಬೀಜಗಣಿತ ಬರುತ್ತದೆ, ಮೈನಸ್ ಚಿಹ್ನೆ ಇದ್ದಾಗ ಮಾತ್ರ ಹೆದರುತ್ತೀಯ" ಅಂದರು. ಅಷ್ಟೇ ಆಗಿತ್ತು ಅವನ ಸಮಸ್ಯೆ! ಎರಡು ಸಲ ಸ್ಕೂಲು ಮುಚ್ಚಿ ಮನೆಯಲ್ಲಿ ಕೂತು ಕಲಿಯುವಾಗ ಋಣ ಸಂಖ್ಯೆಗಳ ಪಾಠ ಸರಿಯಾಗಿ ಆಗಿರಲಿಲ್ಲ, ಅದರ ಮೇಲೆ ಕಟ್ಟಿದ್ದೆಲ್ಲ ಅಲ್ಲಾಡುತ್ತಿತ್ತು. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕ್ಲಾಸ್ ಟೀಚರ್ ಜೊತೆ ಟೀ ಕುಡಿಯುವಾಗಲೇ ಮುಂದಿನ ವಾರ ಏನು ಅಂತ ಮಾತಾಡಿಕೊಳ್ಳುತ್ತಿದ್ದರು. ಅದೇ 15 ಗಂಟೆ. ಆದರೆ ಇಯರ್ 9 ಶುರುವಾಗುವಾಗ ಅವನು ಒಂದು ಸೆಟ್ (ಮಕ್ಕಳ ಮಟ್ಟ ನೋಡಿ ಮಾಡುವ ಗುಂಪು) ಮೇಲಕ್ಕೆ ಹೋದ.

ಸಣ್ಣ ಗುಂಪಿನ ಟ್ಯೂಷನ್‌ನಿಂದ ಸರಾಸರಿ ನಾಲ್ಕು ತಿಂಗಳ ಹೆಚ್ಚಿನ ಪ್ರಗತಿ, ಒಬ್ಬೊಬ್ಬರಿಗೇ ಹೇಳಿಕೊಟ್ಟರೆ ಐದು ಅಂತ ಆಗ ಹೇಳಿದ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಹೇಳುತ್ತದೆ. ನಾಲ್ಕಕ್ಕೂ ಐದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಖರ್ಚಿನಲ್ಲಿ ಮಾತ್ರ ಇದೆ. ಮೂರು ಹುಡುಗರಿಗೆ ಒಬ್ಬ ಮೇಷ್ಟ್ರು ಸಾಕು ಅಂತ ನಾನೂ ನನ್ನ ಕಣ್ಣಾರೆ ಕಂಡೆ.

ಈ ಟ್ಯೂಟರಿಂಗ್‌ಗೂ ಸರ್ಕಾರ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು. 2021-22ರಲ್ಲಿ ಸ್ಕೂಲೇ ಏರ್ಪಾಡು ಮಾಡುವ ಟ್ಯೂಷನ್ನಿಗೆ ಖರ್ಚಿನ 75% ಕೊಡುತ್ತಿತ್ತು, ಮುಂದಿನ ವರ್ಷ 60%, ಆಮೇಲೆ 50%. ಉಳಿದದ್ದನ್ನು ಸ್ಕೂಲು ತನ್ನ ಹಣದಿಂದ ಹಾಕಬೇಕು. 2024ರ ಆಗಸ್ಟ್ ಕೊನೆಗೆ ಅದೂ ಮುಗಿಯಿತು. ಮಕ್ಕಳ ಕಲಿಕೆ ಸರಿಮಾಡಲು ಸರ್ಕಾರವೇ ನೇಮಿಸಿದ್ದ ಸರ್ ಕೆವನ್ ಕಾಲಿನ್ಸ್ ಸುಮಾರು 1500 ಕೋಟಿ ಪೌಂಡ್ ಬೇಕು ಅಂತ ಯೋಜನೆ ಕೊಟ್ಟಿದ್ದರು, 2021ರ ಜೂನ್‌ನಲ್ಲಿ ಸರ್ಕಾರ ಘೋಷಿಸಿದ್ದು 140 ಕೋಟಿ. ಅವರು ರಾಜೀನಾಮೆ ಕೊಟ್ಟು ಹೋದರು. ಆಗ ನನಗೆ ಅದು ಟಿವಿಯ ಸುದ್ದಿ ಮಾತ್ರ ಆಗಿತ್ತು. ಮೇಷ್ಟ್ರು ಬರುವುದು ನಿಂತ ಮೇಲೆ ಆ ಸುದ್ದಿ ನೆನಪಾಗಿ ಹೊಟ್ಟೆ ಉರಿಯಿತು.

ಅಂಕ ಕೊಡಬೇಕು ಅಂದರೆ, ಓದಿನ 20 ನಿಮಿಷಕ್ಕೆ ಐದಕ್ಕೆ ಐದು. ಮೇಷ್ಟ್ರ ಬುಧವಾರಕ್ಕೂ ಐದು. ಕಂಪ್ಯೂಟರ್ ಗಣಿತಕ್ಕೆ ಒಂದು, ಆನ್‌ಲೈನ್ ಟ್ಯೂಷನ್ನಿಗೆ ಎರಡು. ಸರ್ಕಾರದ ಯೋಜನೆಗೆ ಮೂರು ಕೊಡುತ್ತೇನೆ. ಹಣ ಕೊಟ್ಟಿದ್ದು ಸರಿ, ಇಂಥದ್ದಕ್ಕೇ ಅಂತ ಹೆಸರು ಹಾಕಿ ಕೊಟ್ಟಿದ್ದು ಇನ್ನೂ ಸರಿ, ಆದರೆ ಒಳ್ಳೆಯದು ಯಾವುದು ಅಂತ ಸ್ಕೂಲುಗಳಿಗೆ ಗೊತ್ತಾಗುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಟ್ಟರು, ಎರಡು ಸಲವೂ.

ಈಗ ನಿಮ್ಮ ಮಗು ಇಯರ್ 7ಕ್ಕೆ ಹೋಗುತ್ತಿದ್ದು ಸ್ಯಾಟ್ಸ್‌ನಲ್ಲಿ 100ಕ್ಕಿಂತ ಕಡಿಮೆ ಬಂದಿದ್ದರೆ, ಮೊದಲ ಟರ್ಮ್‌ನಲ್ಲೇ ಸ್ಕೂಲಿಗೆ ಒಂದು ಇಮೇಲ್ ಹಾಕಿ. ಸಂಕೋಚ ಬೇಡ, ನಮ್ಮವರಿಗೆ ಟೀಚರ್‌ನ ಪ್ರಶ್ನೆ ಮಾಡುವುದು ಅಂದರೆ ಜಾಸ್ತಿನೇ ಸಂಕೋಚ. ಯಾರು ಹೇಳಿಕೊಡುತ್ತಾರೆ, ಗುಂಪಿನಲ್ಲಿ ಎಷ್ಟು ಮಕ್ಕಳು, ಯಾವ ಪೀರಿಯಡ್ ತಪ್ಪುತ್ತದೆ, ಮತ್ತೆ ಯಾವಾಗ ಪರೀಕ್ಷೆ ಮಾಡಿ ನೋಡುತ್ತೀರಿ ಅಂತ ಕೇಳಿ. ಕ್ಯಾಚ್-ಅಪ್ ಪ್ರೀಮಿಯಂ ಈಗ ಇಲ್ಲ, ಆದರೆ 2011ರಿಂದ ಇರುವ ಪ್ಯೂಪಿಲ್ ಪ್ರೀಮಿಯಂ ಇದೆ. ಕಳೆದ ಆರು ವರ್ಷದಲ್ಲಿ ಯಾವಾಗಲಾದರೂ ಆದಾಯದ ಆಧಾರದ ಮೇಲೆ ಉಚಿತ ಊಟಕ್ಕೆ ಅರ್ಹರಾಗಿದ್ದ ಮಕ್ಕಳ ಲೆಕ್ಕದಲ್ಲಿ ಅದು ಬರುತ್ತದೆ, 2025-26ಕ್ಕೆ ಸೆಕೆಂಡರಿಯಲ್ಲಿ ಮಗುವಿಗೆ 1,075 ಪೌಂಡ್. ಅರ್ಹತೆ ಇದ್ದೂ ನಾಚಿಕೆಯಿಂದ ಅರ್ಜಿ ಹಾಕದೆ ಇರುವವರು ನನಗೆ ಗೊತ್ತು. ದಯವಿಟ್ಟು ಹಾಕಿ. ಮಗು ಊಟ ಮಾಡಲಿ ಬಿಡಲಿ, ಸ್ಕೂಲಿಗೆ ಆ ಹಣ ಬರುತ್ತದೆ. ಅದನ್ನು ಹೇಗೆ ಖರ್ಚು ಮಾಡುತ್ತೇವೆ ಅಂತ ಸ್ಕೂಲುಗಳು ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವೆಬ್‌ಸೈಟಿನಲ್ಲಿ ಹಾಕಬೇಕು. ತೆಗೆದು ಓದಿ.

ಮಗಳು 2023ರಲ್ಲಿ ಜಿಸಿಎಸ್‌ಇ ಬರೆದಳು. ಇಂಗ್ಲಿಷ್‌ನಲ್ಲಿ 6 ಬಂತು, ಗಣಿತದಲ್ಲಿ 4 (ಇದರಲ್ಲಿ 9 ಎಲ್ಲಕ್ಕಿಂತ ಮೇಲು, 4 ಬಂದರೆ ಪಾಸು). ಫಲಿತಾಂಶದ ದಿನ ಅವಳು ಸ್ಕೂಲಿನಲ್ಲಿ ಮೊದಲು ಹುಡುಕಿಕೊಂಡು ಹೋಗಿದ್ದು ಆ ಟೀಚಿಂಗ್ ಅಸಿಸ್ಟೆಂಟನ್ನು. "ಮಿಸ್" ಅಂತ ಕೂಗಿ ಕಾಗದ ತೋರಿಸಿದಾಗ ಆಕೆ ಬಾಗಿಲ ಚೌಕಟ್ಟಿನ ಮೇಲೆ ಬೆರಳಿಂದ ಒಂದು ಸಲ ತಟ್ಟಿದರಂತೆ. ಇಬ್ಬರೂ ಅತ್ತರಂತೆ.

ಮಗ ಈಗ ಇಯರ್ 11. ಗಂಟೆಗೆ ಇಷ್ಟು ಅಂತ ಕೊಟ್ಟು ನಾವೇ ಒಬ್ಬ ಟ್ಯೂಟರ್ ಇಟ್ಟಿದ್ದೇವೆ, ಗುರುವಾರ ಸಂಜೆ ಮನೆಗೆ ಬರುತ್ತಾರೆ. ಬುಧವಾರದ ಗುಂಪಿನಲ್ಲಿದ್ದ ಇನ್ನೊಬ್ಬ ಹುಡುಗನ ಅಮ್ಮನಿಗೆ ಅದು ಸಾಧ್ಯವಿಲ್ಲ. ಅವನೂ ಗುರುವಾರ ನಮ್ಮ ಮನೆಗೇ ಬರುತ್ತಾನೆ, ಊಟದ ಮೇಜಿನ ಒಂದು ತುದಿಯಲ್ಲಿ ಇವನು, ಇನ್ನೊಂದು ತುದಿಯಲ್ಲಿ ಅವನು. ಟ್ಯೂಟರ್ ಇಬ್ಬರಿಗೂ ಸೇರಿಸಿ ಅಷ್ಟೇ ತೆಗೆದುಕೊಳ್ಳುತ್ತಾರೆ. ಮೂರನೆಯ ಹುಡುಗ ಈಗ ಏನು ಮಾಡುತ್ತಿದ್ದಾನೆ ಅಂತ ಕೇಳಿದರೆ ಮಗ "ಗೊತ್ತಿಲ್ಲಮ್ಮ, ಅವನು ಈಗ ಬಾಟಮ್ ಸೆಟ್‌ನಲ್ಲಿದ್ದಾನೆ" ಅಂದ.